ಕೋವಿ ಯಾರ ಮಾತು ಕೇಳುತ್ತದೆ?

“ಎಲೆಕ್ಷನ್ ಬಂತು ಅಂದ್ರೆ ಕೋವಿ ಸ್ಟೇಷನ್ನಿಗೆ, ಮಂಗ ತೋಟಕ್ಕೆ. ಅಷ್ಟೇ ಮಾರಾಯ್ರೆ ನಮ್ಮ ಪ್ರಜಾಪ್ರಭುತ್ವ.”

ಬಸ್ಸು ಉಂಬ್ಳೇಬೈಲು ದಾಟಿ ಕಾಡು ಹೊಕ್ಕಿತ್ತು. ಕಿಟಕಿ ಗಾಜಿಗೆ ಮಾಗಿಯ ಮಂಜು ಅಂಟಿಕೊಂಡು ಹೊರಗಿನ ಮರಗಳೆಲ್ಲ ನೆರಳಿನ ಹಾಗೆ ಸರಿಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದವರು ಎನ್.ಆರ್.ಪುರದ ಕಡೆಯ ಅಡಿಕೆ ಬೆಳೆಗಾರರು, ಎಪ್ಪತ್ತು ದಾಟಿದವರು. ಶಿವಮೊಗ್ಗದ ಮಂಡಿಯ ಕೆಲಸ ಮುಗಿಸಿ ವಾಪಸು ಹೊರಟಿದ್ದರು. ಎಲ್ಲಿಗೆ ಪಯಣ ಅಂತ ಕೇಳಿದರು. ಕಿಗ್ಗದಲ್ಲಿ ಸ್ನೇಹಿತನ ಮನೆ, ಅಡಿಕೆ ಕೊಯ್ಲು ನೋಡುವುದು ನೆಪ, ನಕ್ಸಲರಿಲ್ಲದ ಕಾಡು ಹೇಗಿರುತ್ತದೆ ಅಂತ ನೋಡುವ ಆಸೆ ಅಂದೆ. ಅಲ್ಲಿಂದ ಮಾತು ಬಂದೂಕಿಗೆ, ಬಂದೂಕಿನಿಂದ ಮಂಗಕ್ಕೆ ತಿರುಗಿತ್ತು.

ಅವರ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಕೋವಿ ಇದೆ. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಕೊಡಬಹುದೋ ಬೇಡವೋ ಅಂತ ವರದಿ ಬರೆಯುವವರು ಪೊಲೀಸರು. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಹೆಗಲಿಗೇರಿಸಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. 2024ರ ಲೋಕಸಭೆ ಚುನಾವಣೆಯ ಲೆಕ್ಕ ಅವರಿಗೆ ಬಾಯಿಪಾಠ: ಮಾರ್ಚ್ 16ಕ್ಕೆ ಘೋಷಣೆ, ಇಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. “ನಾವು ಓಟು ಹಾಕಿ ಬಂದು ನಲವತ್ತು ದಿನ ಆದ್ರೂ ಕೋವಿ ಅಲ್ಲೇ. ಮಂಗನಿಗೆ ನೀತಿಸಂಹಿತೆ ಉಂಟಾ?” ಘಟ್ಟದ ಆ ತುದಿಯ ಕೊಡಗಿನವರ ಮೇಲೆ ಅವರಿಗೆ ಒಂಚೂರು ಹೊಟ್ಟೆಕಿಚ್ಚು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ಗೊಡವೆಯೇ ಇಲ್ಲ.

ನಾನು ನಕ್ಕೆ. ನಕ್ಕ ಮೇಲೆ ಒಂದು ಸೋಜಿಗ ಹೊಕ್ಕಿತು. ಒಂದು ಕಾಗದ ಹೊರಟರೆ ಮೂರು ತಾಲ್ಲೂಕಿನ ಒಂಟಿ ಮನೆಗಳಿಂದ ಕೋವಿಗಳು ಕೆಳಗಿಳಿದು, ಗದ್ದೆಯಂಚಿನಲ್ಲಿ ನಡೆದು, ಬಸ್ಸು ಹತ್ತಿ, ಠಾಣೆಯ ಕೋಣೆ ಸೇರುತ್ತವೆ. ಯಾರೂ ಬಂದು ಕಿತ್ತುಕೊಳ್ಳುವುದಿಲ್ಲ. ಇದೇನು ಸಣ್ಣ ವಿಷಯವೇ? ದೇಶ ಅಂತ ನಾವು ಕರೆಯುವುದು ಇದನ್ನೇ ಇರಬೇಕು ಅನ್ನಿಸಿತು. ಆಮೇಲೆ ದಾರಿಯುದ್ದಕ್ಕೂ ಸಮವಸ್ತ್ರ ಕಂಡಲ್ಲೆಲ್ಲ ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಈ ಕೈಯಲ್ಲಿರುವ ಕೋವಿ ಯಾರ ಮಾತು ಕೇಳುತ್ತದೆ?

ಬೆಳಿಗ್ಗೆ ಬೆಂಗಳೂರಿನ ಬಸ್ಸಿನಲ್ಲಿ ಅರೆನಿದ್ದೆಯಲ್ಲಿ ದಾಟಿ ಬಂದ ಊರುಗಳು ಆಗ ನೆನಪಾದವು. ಭದ್ರಾವತಿಯ ಬುಳ್ಳಾಪುರದಲ್ಲಿ ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದು ಕೇಂದ್ರದ ಸಿ.ಆರ್.ಪಿ.ಎಫ್.ನ ಕೂಸು, ದೆಹಲಿಯ ಗೃಹ ಸಚಿವಾಲಯದ ಕೈಕೆಳಗಿನದು. ಅಲ್ಲಿಂದ ಶಿವಮೊಗ್ಗಕ್ಕೆ ಬರುವಾಗ ಸಿಗುವ ಮಾಚೇನಹಳ್ಳಿಯಲ್ಲಿ ರಾಜ್ಯದ ಮೀಸಲು ಪೊಲೀಸ್ ಪಡೆ ಕೆ.ಎಸ್.ಆರ್.ಪಿ.ಯ 8ನೇ ಬೆಟಾಲಿಯನ್ ಇದೆ, ಅದು ಬೆಂಗಳೂರಿನ ಮಾತು ಕೇಳುವಂಥದ್ದು. ಎರಡೂ ಗಲಾಟೆ ಅಡಗಿಸಲಿಕ್ಕೇ ಇರುವ ಪಡೆಗಳು, ನಡುವೆ ಒಂದು ಟೀ ಕುಡಿಯುವಷ್ಟು ದೂರ. ಆದರೆ ಒಂದರ ಅಧಿಕಾರಿ ಇನ್ನೊಂದರ ಜವಾನನಿಗೆ ಎದ್ದು ನಿಲ್ಲು ಅಂತಲೂ ಹೇಳುವಂತಿಲ್ಲ. ಪೊಲೀಸ್ ಎಂಬುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯದ ಪಾಲಿಗೆ ಬರೆದಿಟ್ಟ ವಿಷಯ. ಊರೊಳಗಿನ ಜಗಳಕ್ಕೆ ಕೇಂದ್ರದ ಪಡೆ ಇಳಿಯುವುದು ಸಾಮಾನ್ಯವಾಗಿ ರಾಜ್ಯ ಕೇಳಿಕೊಂಡ ಮೇಲೆ.

ಎನ್.ಆರ್.ಪುರಕ್ಕೆ ಹಿಂದೆ ಎಡೇಹಳ್ಳಿ ಅಂತ ಹೆಸರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಹೊತ್ತು ದೊಡ್ಡದಾಯಿತು, ಈಗ ಮತ್ತೆ ಎರಡಕ್ಷರ ಮತ್ತು ಒಂದು ಪುರವಾಗಿ ಕುಗ್ಗಿದೆ. ಕೊಪ್ಪದ ಬಸ್ಸಿಗೆ ಹೊತ್ತಿತ್ತು, ಸಿಂಹನಗದ್ದೆ ಬಸದಿಗೆ ಹೋಗಿ ಬಂದೆ. ಅಲ್ಲಿನ ಜ್ವಾಲಾಮಾಲಿನಿ ಎಂಟು ಕೈಗಳ ದೇವಿ. ಬಿಲ್ಲು, ಬಾಣ, ಪಾಶ, ಚಕ್ರ ಅಂತ ಒಂದೊಂದು ಕೈಗೆ ಒಂದೊಂದು ಹಂಚಿಕೆ, ನಡುವೆ ಒಂದು ಕೈಯಲ್ಲಿ ಹಣ್ಣು. ಅಷ್ಟು ಕೈಗಳಿಗೂ ತಲೆ ಮಾತ್ರ ಒಂದೇ. ನಮ್ಮ ಸರ್ಕಾರದ ಮೂರ್ತಿ ಕೆತ್ತುವ ಶಿಲ್ಪಿ ಹಾಗೆ ಮಾಡಲಾರ. ಅವನು ಒಂದೊಂದು ಕೈಗೂ ಬೇರೆ ಬೇರೆ ತಲೆ ಕೆತ್ತಬೇಕಾಗುತ್ತದೆ.

ಊರಿನ ಸರ್ಕಲ್ಲಿನಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ತಲೆಯ ಮೇಲೆ ಹೊಸ ಪೀಕ್ ಕ್ಯಾಪ್. ಒಂದು ಪಕ್ಕ ಮಡಚಿದ ಹಳೆಯ ಸ್ಲೋಚ್ ಹ್ಯಾಟಿಗೆ ಸರ್ಕಾರ 2025ರ ಅಕ್ಟೋಬರ್ 28ರಂದು ವಿದಾಯ ಹೇಳಿತು. ಅಂಗಡಿಯವನೊಬ್ಬ “ಈಗ ಯಾರು ಸಾಹೇಬ್ರು, ಯಾರು ಪೇದೆ ಅಂತ ದೂರದಿಂದ ಗೊತ್ತೇ ಆಗಲ್ಲ” ಅಂತ ಪೇಚಾಡುತ್ತಿದ್ದ. ಹೆಗಲು ನೋಡಿದರೆ ಗೊತ್ತಾಗುತ್ತದೆ. ಒಂದು ನಕ್ಷತ್ರ ಎ.ಎಸ್.ಐ., ಎರಡು ಪಿ.ಎಸ್.ಐ., ಮೂರು ಇನ್‌ಸ್ಪೆಕ್ಟರ್. ಈ ಮೂವರ ನಕ್ಷತ್ರಗಳ ಬುಡದಲ್ಲಿ ಕೆಂಪು ನೀಲಿ ಪಟ್ಟಿ ಇರುತ್ತದೆ. ಪಟ್ಟಿಯಿಲ್ಲದ ಮೂರು ನಕ್ಷತ್ರ ಕಂಡರೆ ಅವರು ಡಿವೈಎಸ್ಪಿ. ಅದೇ ಮೂರು ನಕ್ಷತ್ರ ಸೈನ್ಯದವನ ಹೆಗಲಲ್ಲಿದ್ದರೆ ಆತ ಕ್ಯಾಪ್ಟನ್. ಇಷ್ಟು ತಿಳಿದುಕೊಂಡ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು ಬೇಸರ ಅನ್ನಿಸುವುದಿಲ್ಲ.

ಕುದುರೆಗುಂಡಿ ಮೇಲೆ ಹಾಯ್ದು ಕೊಪ್ಪ ತಲುಪಿದಾಗ ಮಂಜು ಕರಗಿ ಬಿಸಿಲು ಬಂದಿತ್ತು. ಈ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಹಕಾರ ಸಾರಿಗೆಯ ನೆನಪಾಗದೆ ಇರದು. ಕಾರ್ಮಿಕರೇ ಒಡೆಯರಾಗಿ 1991ರಿಂದ ಬಸ್ಸು ಓಡಿಸಿ, 2020ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಅಂಥ ಸಂಸ್ಥೆ ಹುಟ್ಟಿದ ಊರಿಗೆ ‘ಯಾರು ಯಾರಿಗೆ ಮೇಲಿನವರು’ ಅನ್ನುವ ಪ್ರಶ್ನೆ ಹೊತ್ತು ಬಂದಿದ್ದೆನಲ್ಲ ಅಂತ ನಗು ಬಂತು.

ಕೊಪ್ಪದಲ್ಲಿ ನನಗೆ ಅರ್ಥವಾದದ್ದು ನಕ್ಷೆಗಳ ಕಥೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕು ಶೃಂಗೇರಿ ವಿಧಾನಸಭಾ ಕ್ಷೇತ್ರದೊಳಗೆ. ಪೊಲೀಸರ ನಕ್ಷೆಯಲ್ಲಿ ಈ ಸೀಮೆ ಕೊಪ್ಪ ಉಪವಿಭಾಗ, ಕಂದಾಯದ ನಕ್ಷೆಯಲ್ಲಿ ತರೀಕೆರೆ ಉಪವಿಭಾಗ. ಅರಣ್ಯ ಇಲಾಖೆಗೆ ಕೊಪ್ಪವೇ ಒಂದು ವಿಭಾಗ, ಆದರೆ ರಾಷ್ಟ್ರೀಯ ಉದ್ಯಾನದ ಕಾಡು ಮಾತ್ರ ಕಾರ್ಕಳದ ವನ್ಯಜೀವಿ ವಿಭಾಗಕ್ಕೆ. ಚಿಕ್ಕಮಗಳೂರಿನ ಎಸ್ಪಿ ಸಾಹೇಬರಿಗೆ ಮೇಲಿನ ಐಜಿಪಿ ಕೂರುವುದು ಘಟ್ಟದ ಕೆಳಗೆ ಮಂಗಳೂರಿನಲ್ಲಿ, ಪಶ್ಚಿಮ ವಲಯ ಅಂತ. ಅವರಿಗೂ ಮೇಲೆ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಡಿಜಿ. ಒಂದೇ ಅಡಿಕೆ ಮರದ ಮೇಲೆ ಇಷ್ಟು ನಕ್ಷೆಗಳ ಗೆರೆ ಹಾಯುತ್ತದೆ, ಮರಕ್ಕೆ ಗೊತ್ತಿಲ್ಲ.

ಏಣಿಯ ಮೇಲ್ತುದಿ ಅಷ್ಟು ದೂರ. ಕೆಳತುದಿಯಲ್ಲಿ ಬೀಟ್‌ನ ಕಾನ್‌ಸ್ಟೆಬಲ್ ಇದ್ದಾನೆ. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬೊಬ್ಬರನ್ನು ಹೆಸರಿಸಿರುತ್ತಾರೆ. ಬಯಲುಸೀಮೆಯಲ್ಲಾದರೆ ಒಂದು ಬೀಟು ಅಂದರೆ ನಾಲ್ಕು ಬೀದಿ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ಹಳ್ಳ, ಮಳೆಗಾಲವಾದರೆ ಒಂದು ಕಾಲುಸಂಕ. ಲಾಠಿ ಹಿಡಿದವನ ಕೈಲಿರುವ ಅಧಿಕಾರ ಎಷ್ಟು ಎಂಬುದು ಮಾತ್ರ ಮುಂದಿನ ಬಸ್ಸಿನಲ್ಲಿ ಗೊತ್ತಾಯಿತು.

ಹರಿಹರಪುರದ ದಾರಿಯಲ್ಲಿ ಸಿಕ್ಕವರು ನಿವೃತ್ತ ಹವಾಲ್ದಾರ್. ಮಲೆನಾಡಿನ ಹುಡುಗ ಸೈನ್ಯಕ್ಕೆ ಸೇರಿದ್ದೇ ಮನೆಯಲ್ಲಿ ಒಂದು ದೊಡ್ಡ ಕಥೆಯಂತೆ. ಕಡಲೆಕಾಯಿ ಹಂಚಿಕೊಳ್ಳುತ್ತಾ ತಮ್ಮ ಲೋಕವನ್ನು ಬಿಡಿಸಿಟ್ಟರು. “ಹತ್ತು ಜನಕ್ಕೆ ಒಂದು ಸೆಕ್ಷನ್ ಸಾರ್. ಮೂರು ಸೆಕ್ಷನ್ನಿಗೆ ಒಂದು ಪ್ಲಟೂನ್, ಅಲ್ಲಿ ಸುಬೇದಾರ್ ಸಾಹೇಬ್ರು ಅಂದ್ರೆ ತಾಯಿ ಇದ್ದ ಹಾಗೆ. ಪ್ಲಟೂನುಗಳು ಸೇರಿದ್ರೆ ಕಂಪನಿ, ಅಲ್ಲಿ ಮೇಜರ್. ಕಂಪನಿಗಳು ಸೇರಿದ್ರೆ ಪಲ್ಟನ್. ಪಲ್ಟನ್ನೇ ಮನೆ.” ಎಂಟುನೂರರಷ್ಟು ಜನರ ಮನೆ, ಯಜಮಾನ ಕರ್ನಲ್. ಅದರ ಮೇಲೆ ಬ್ರಿಗೇಡ್, ಡಿವಿಷನ್, ಕೋರ್, ಕೊನೆಗೆ ಕಮಾಂಡ್. ಕರ್ನಾಟಕದ ನೆಲ ಪುಣೆಯ ದಕ್ಷಿಣ ಕಮಾಂಡ್‌ಗೆ ಸೇರಿದ್ದು.

ಈಶಾನ್ಯದಲ್ಲಿದ್ದಾಗ ಅಸ್ಸಾಂ ರೈಫಲ್ಸ್‌ನವರ ಜೊತೆ ಕೆಲಸ ಮಾಡಿದ್ದರಂತೆ. “ಅವರದ್ದು ತಮಾಷೆ. ಸಂಬಳ ಗೃಹ ಇಲಾಖೆಯದ್ದು, ಹುಕುಂ ಸೈನ್ಯದ್ದು. ಎರಡು ಮನೆ ಅಳಿಯ ಇದ್ದ ಹಾಗೆ.” 1835ರಲ್ಲಿ ಚಹಾ ತೋಟಗಳ ಕಾವಲಿಗೆ ಹುಟ್ಟಿದ ಆ ಪಡೆ ಇವತ್ತಿಗೂ ಹಾಗೇ ಇದೆ. ಗಡಿ ಕಾಯುವ ಬಿ.ಎಸ್.ಎಫ್., ಹಿಮ ಕಾಯುವ ಐ.ಟಿ.ಬಿ.ಪಿ., ವಿಮಾನ ನಿಲ್ದಾಣದಲ್ಲಿ ನಮ್ಮ ಬೆಲ್ಟು ಬಿಚ್ಚಿಸುವ ಸಿ.ಐ.ಎಸ್.ಎಫ್. ಎಲ್ಲವೂ ಗೃಹ ಸಚಿವಾಲಯದ ಪಡೆಗಳು. ಜನ ಮಾತ್ರ ಎಲ್ಲರನ್ನೂ ಮಿಲಿಟ್ರಿ ಅಂತಲೇ ಕರೆಯುತ್ತಾರೆ. ಹವಾಲ್ದಾರರಿಗೆ ಇದು ಕೊಂಚ ನೋವಿನ ವಿಷಯ. ನಾನು ಸಮಾಧಾನಕ್ಕೆ ಇನ್ನೊಂದು ಹಿಡಿ ಕಡಲೆಕಾಯಿ ಕೊಟ್ಟೆ.

ಅವರ ಬಾಯಿಂದ ಬಂದ ಇನ್ನೊಂದು ಮಾತು ನನ್ನನ್ನು ಶೃಂಗೇರಿಯವರೆಗೂ ಬಿಡಲಿಲ್ಲ. “ನನ್ನ ಹತ್ರ ಮಷಿನ್‌ಗನ್ ಇತ್ತು ಸಾರ್. ಆದ್ರೆ ಊರಿಗೆ ರಜೆಗೆ ಬಂದಾಗ ಒಬ್ಬ ಕಳ್ಳನ್ನ ಹಿಡಿದ್ರೆ ಪೇದೆ ಕೈಗೆ ಕೊಡಬೇಕು, ಅಷ್ಟೇ.” ನಿಜ. ಗುಂಪು ಚದುರಿಸಲು ಸೈನ್ಯ ಇಳಿಯಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರು, ಇಲ್ಲವೇ ಅವರು ಅಧಿಕಾರ ಕೊಟ್ಟು ಸ್ಥಳದಲ್ಲಿರುವ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಹೇಳಬೇಕು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಂ ಅದು. ಹಳೆಯ ಕಾನೂನಿನಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು. ಯಾವ ಮ್ಯಾಜಿಸ್ಟ್ರೇಟರೂ ಸಿಗದಷ್ಟು ತುರ್ತಾದರೆ ಸೇನಾಧಿಕಾರಿ ತಾನೇ ಮುಂದಾಗಬಹುದು, ಆದರೆ ಸಂಪರ್ಕ ಸಿಕ್ಕ ಕೂಡಲೇ ಅವರ ಮಾತು ಕೇಳಬೇಕು. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಂದರೆ ತಾಲ್ಲೂಕಿನಲ್ಲಿ ಯಾರು? ತಹಶೀಲ್ದಾರರು. ಪಹಣಿ ತಿದ್ದುಪಡಿಗೆ ನಾವು ಅರ್ಜಿ ಹಿಡಿದು ಕಾಯುತ್ತೇವಲ್ಲ, ಅದೇ ಮೇಜಿನ ಆಚೆಗಿನವರು. ಟ್ಯಾಂಕು ಓಡಿಸುವ ಪಡೆ, ಹಾಗೊಂದು ಹೊತ್ತು ಬಂದರೆ, ಆ ಮೇಜಿನ ಮಾತಿಗೆ ಕಾಯಬೇಕಾಗಬಹುದು. ಕೋವಿ ದೊಡ್ಡದಾದಷ್ಟೂ ಅಧಿಕಾರ ಸಣ್ಣದಾಗುತ್ತಾ ಹೋಗುವ ಈ ಲೆಕ್ಕವನ್ನು ಯಾರು ಯೋಚಿಸಿದರೋ! ನನಗಂತೂ ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳಷ್ಟೇ ಅಚ್ಚರಿ ಇದರಲ್ಲಿ ಕಂಡಿತು.

ಶೃಂಗೇರಿಗೆ ಬಂದಾಗ ತುಂಗೆಯಲ್ಲಿ ಮೀನುಗಳು ಮಂಡಕ್ಕಿಗೆ ಮುಗಿಬೀಳುತ್ತಿದ್ದವು. ಈ ಊರಿಗೆ ನಾಲ್ಕು ದಿಕ್ಕಿಗೆ ನಾಲ್ಕು ಕಾವಲು: ಮೂಡಣಕ್ಕೆ ಕಾಲಭೈರವ, ತೆಂಕಣಕ್ಕೆ ದುರ್ಗೆ, ಪಡುವಣಕ್ಕೆ ಕೆರೆ ಆಂಜನೇಯ, ಬಡಗಣಕ್ಕೆ ಕಾಳಿ. ಶಂಕರಾಚಾರ್ಯರೇ ನಿಲ್ಲಿಸಿದ್ದು ಅಂತ ನಂಬಿಕೆ. ನಾನು ನಾಲ್ಕನ್ನೂ ಸುತ್ತಿ ಬರಬೇಕೆಂದು ಹೊರಟು, ಕಾಲಭೈರವನ ಗುಡ್ಡದ ಮೆಟ್ಟಿಲಲ್ಲೇ ಉಸಿರು ಕಟ್ಟಿ ಕೂತೆ. ಅಲ್ಲಿಂದ ಊರು ಪೂರ್ತಿ ಕಾಣುತ್ತದೆ. ಕಾವಲಿಗೆ ಜಾಗ ಆರಿಸಿದವರಿಗೆ ಭಕ್ತಿಯಷ್ಟೇ ನೆಲದ ಮರ್ಮವೂ ಗೊತ್ತಿತ್ತು.

ಹಾಗಿದ್ದೂ 1791ರಲ್ಲಿ ಈ ಕಾವಲು ಒಡೆಯಿತು. ಮೂರನೆಯ ಮೈಸೂರು ಯುದ್ಧದ ಹೊತ್ತು. ಪರಶುರಾಮ ಭಾವುವಿನ ಮರಾಠಾ ದಂಡಿನ ಜೊತೆಗಿದ್ದ ಪಿಂಡಾರಿ ಗುಂಪುಗಳು ಮಠಕ್ಕೆ ನುಗ್ಗಿ ಲೂಟಿ ಮಾಡಿ, ಶಾರದೆಯ ಮೂರ್ತಿಯನ್ನು ಕದಲಿಸಿದವು. ಆಗಿನ ಸ್ವಾಮಿಗಳು ಸಚ್ಚಿದಾನಂದ ಭಾರತಿಗಳು ಘಟ್ಟ ಇಳಿದು ಕಾರ್ಕಳ ಸೇರಬೇಕಾಯಿತು. ಪಿಂಡಾರಿಗಳಿಗೆ ಸಂಬಳವಿರಲಿಲ್ಲ, ದೋಚಿದ್ದೇ ಸಂಬಳ. ದಂಡಿನ ಬೆನ್ನಿಗೆ ಅಂಟಿಕೊಂಡಿದ್ದವರೇ ಹೊರತು ದಂಡಿನ ಪಟ್ಟಿಯಲ್ಲಿ ಇದ್ದವರಲ್ಲ. ಸುದ್ದಿ ತಿಳಿದ ಟಿಪ್ಪು ಸುಲ್ತಾನ್ ಸ್ವಾಮಿಗಳನ್ನು ಜಗದ್ಗುರುಗಳೆಂದು ಸಂಬೋಧಿಸಿ ಕನ್ನಡದಲ್ಲಿ ಪತ್ರ ಬರೆಸಿ, ಶಾರದೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಒದಗಿಸುವಂತೆ ನಗರ ಪ್ರಾಂತ್ಯದ ಅಧಿಕಾರಿಯಾದ ಅಸಫನಿಗೆ ಆಜ್ಞೆ ಮಾಡಿದ. ಮಠದಲ್ಲಿದ್ದ ಆ ಪತ್ರಗಳನ್ನು 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಅವನ್ನು ಧರ್ಮದ ಸಲುವಾಗಿ ಓದುವವರೇ ಹೆಚ್ಚು. ನನಗೆ ಮೆಟ್ಟಿಲ ಮೇಲೆ ಕೂತು ಅನ್ನಿಸಿದ್ದು ಬೇರೆ: ತಿಂಗಳ ಸಂಬಳ, ಹೆಸರಿನ ಪಟ್ಟಿ, ತಪ್ಪಿಗೆ ವಿಚಾರಣೆ, ಈ ಮೂರು ಇಲ್ಲದವನ ಕೈಲಿ ಆಯುಧ ಕೊಟ್ಟರೆ ಅವನು ಯಾವ ರಾಜನ ಮಾತೂ ಕೇಳುವುದಿಲ್ಲ.

ಸ್ನೇಹಿತ ಜೀಪು ತಂದಿದ್ದ. ಕಿಗ್ಗಕ್ಕೆ ಹೋಗುವ ಮೊದಲು ಕಾರ್ಕಳದ ದಾರಿ ಹಿಡಿದು ತನಿಕೋಡಿನ ಕಡೆ ಹೋದೆವು. ಇಲ್ಲಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಗೇಟಿನಲ್ಲಿ ನಿಂತವರು ಪೊಲೀಸರಲ್ಲ, ಅರಣ್ಯದವರು. ಹಿಂದೆ ಗಾರ್ಡು ಅನ್ನುತ್ತಿದ್ದೆವು, ಈಗ ಗಸ್ತು ಅರಣ್ಯ ಪಾಲಕ. ಅವರಿಗೂ ಖಾಕಿ, ಅವರಿಗೂ ಬೀಟು, ಅವರ ಕೈಲೂ ಒಮ್ಮೊಮ್ಮೆ ಕೋವಿ, ಆದರೆ ಅದು ಅರಣ್ಯ ಕಾಯಿದೆಯ ಮಾತು ಕೇಳುವ ಕೋವಿ.

ಈ ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಬಂದಾಗ ಒಳಗಿದ್ದ ಹಳ್ಳಿಗಳಲ್ಲಿ ಒಕ್ಕಲೆಬ್ಬಿಸುವ ಭಯ ಹಬ್ಬಿತು. ಆ ಭಯದ ಬೆನ್ನಿಗೇ ಬಂದವರು ನಕ್ಸಲರು. 2003ರ ನವೆಂಬರಿನಲ್ಲಿ ಕಾರ್ಕಳದ ಈದು ಗ್ರಾಮದಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರುವರಿಯಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಕಾಡಿನಲ್ಲಿ ನಕ್ಸಲರ ನಾಯಕ ಸಾಕೇತ್ ರಾಜನ್. ಕರ್ನಾಟಕದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದಿದ್ದ ಮನುಷ್ಯ. ಕೆಲವೇ ದಿನಗಳಲ್ಲಿ ದೂರದ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆ.ಎಸ್.ಆರ್.ಪಿ. ಪೊಲೀಸರ ಮೇಲೆ ನಕ್ಸಲರ ದಾಳಿ, ಅಲ್ಲೂ ಹೆಣಗಳು. 2007ರ ಜುಲೈಯಲ್ಲಿ ಮೆಣಸಿನಹಾಡ್ಯದ ಬಳಿಯೇ ಇನ್ನೂ ಐವರು.

ಈ ಕಾಡಿಗೆಂದೇ ಬೇರೆ ಪಡೆ ಬೇಕಾಯಿತು. ನಕ್ಸಲ್ ನಿಗ್ರಹ ಪಡೆ, ಜನರ ಬಾಯಲ್ಲಿ ಎ.ಎನ್.ಎಫ್., ಕೇಂದ್ರಸ್ಥಾನ ಕಾರ್ಕಳ. ಇನ್ನೂರು ವರ್ಷಗಳ ಹಿಂದೆ ಸ್ವಾಮಿಗಳು ರಕ್ಷಣೆ ಹುಡುಕಿ ಹೋದ ಅದೇ ಊರು. ಠಾಣೆಯ ಸರಹದ್ದು ಇಲ್ಲದ, ದೂರು ಬರೆದುಕೊಳ್ಳದ, ಕೂಂಬಿಂಗ್ ಒಂದೇ ಕೆಲಸವಾದ ಪಡೆ. ಕಿಗ್ಗದಲ್ಲಿ, ಕೆರೆಕಟ್ಟೆಯಲ್ಲಿ ಅದರ ಕ್ಯಾಂಪುಗಳು. “ರಾತ್ರಿ ಅವರು ಬಂದು ಅನ್ನ ಕೇಳ್ತಾರೆ, ಬೆಳಿಗ್ಗೆ ಇವರು ಬಂದು ಯಾಕೆ ಕೊಟ್ರಿ ಅಂತ ಕೇಳ್ತಾರೆ. ಎರಡೂ ಕಡೆಗೂ ನಾಯಿ ಬೊಗಳ್ತಿತ್ತು” ಅಂದ ಸ್ನೇಹಿತ. ಒಂದೇ ಕೆಲಸಕ್ಕೆ ಹುಟ್ಟಿದ ಪಡೆಯ ಕೈಗೆ ಬೇರೆ ಕೆಲಸ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದೇ ತನಿಕೋಡು ಸಾಕ್ಷಿ: 2014ರ ಏಪ್ರಿಲಿನಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನದಲ್ಲಿದ್ದ ಕರಾವಳಿಯ ಯುವಕನೊಬ್ಬ ಇಲ್ಲಿ ಎ.ಎನ್.ಎಫ್. ಗುಂಡಿಗೆ ಬಲಿಯಾದ. ಸಾಧಾರಣ ಪೇದೆಯಾಗಿದ್ದರೆ ವಾಹನದ ನಂಬರು ಬರೆದುಕೊಳ್ಳುತ್ತಿದ್ದನೋ ಏನೋ.

2024ರ ನವೆಂಬರಿನಲ್ಲಿ ಹೆಬ್ರಿ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡನ ಹತ್ಯೆ. ಎರಡು ತಿಂಗಳೊಳಗೆ, 2025ರ ಜನವರಿ 8ರಂದು, ಶೃಂಗೇರಿಯವರೇ ಆದ ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದರು. ಫೆಬ್ರುವರಿ ಮೊದಲ ವಾರದೊಳಗೆ ಕಿಗ್ಗ ಕಡೆಯ ಕೋಟೆಹೊಂಡ ರವೀಂದ್ರ, ತೊಂಬಟ್ಟು ಲಕ್ಷ್ಮಿ ಕೂಡ. ಜನವರಿಯ ಆ ಆರು ಜನ ಬರಿಗೈಲಿ ಬಂದಿದ್ದರು. ಕೆಲವೇ ದಿನಗಳಲ್ಲಿ ಅವರ ಬಂದೂಕುಗಳು ಕೊಪ್ಪ ತಾಲ್ಲೂಕಿನ ಮೇಗೂರು ಬಳಿಯ ಕಿತ್ತಲೆಗುಳಿ ಕಾಡಿನಲ್ಲಿ ಸಿಕ್ಕವು: ಎ.ಕೆ. 56, ಅದರ ಜೊತೆ ತ್ರೀನಾಟ್‌ತ್ರೀ ರೈಫಲ್ಲುಗಳು. ಪ್ರಕರಣ ದಾಖಲಾದದ್ದು ಜಯಪುರ ಠಾಣೆಯಲ್ಲಿ. ಇಷ್ಟು ವರ್ಷ ಕಾಡು ಅಲೆದದ್ದು ವಿಶೇಷ ಪಡೆ, ಕೊನೆಗೆ ಎಫ್.ಐ.ಆರ್. ಬರೆದದ್ದು ಸಾದಾ ಠಾಣೆ. ತ್ರೀನಾಟ್‌ತ್ರೀ ಮೊದಲು ಸೈನಿಕನ ಹೆಗಲಲ್ಲಿತ್ತು, ಸೈನ್ಯ ಬಿಟ್ಟ ಮೇಲೆ ಪೊಲೀಸರ ಹೆಗಲಿಗೆ ಬಂತು, ಇಲ್ಲಿ ನಕ್ಸಲರ ಕೈಲೂ ಅದೇ ಜಾತಿಯದ್ದು. ಕೋವಿಗೆ ತನ್ನದೇ ಅಂತ ಒಂದು ಪಕ್ಷವಿಲ್ಲ.

ಆಮೇಲೆ ಸರ್ಕಾರ ಎ.ಎನ್.ಎಫ್.ನ 656 ಹುದ್ದೆಗಳಲ್ಲಿ 248ನ್ನು ತೆಗೆದು, ಕೋಮು ಗಲಭೆ ತಡೆಯಲೆಂದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ವಿಶೇಷ ಕಾರ್ಯಪಡೆ ಕಟ್ಟಿತು. 2025ರ ಜೂನಿನಲ್ಲಿ ಮಂಗಳೂರಿನಲ್ಲಿ ಅದರ ಉದ್ಘಾಟನೆ. ಕಾಡಿನ ಜಾಡು ಹಿಡಿಯಲು ಕಲಿತ ಕಣ್ಣು ಪೇಟೆಯ ಬೀದಿಯಲ್ಲಿ ಏನು ಹುಡುಕುತ್ತದೆ? ನಾನು ಅದನ್ನು ಅನುಮಾನದಿಂದಲೇ ನೋಡುವವನು.

ಕೆರೆಕಟ್ಟೆ ದಾಟಿ ಎಸ್.ಕೆ. ಬಾರ್ಡರ್‌ವರೆಗೆ ಹೋಗಿ ಜೀಪು ತಿರುಗಿಸಿದೆವು. ಎಸ್.ಕೆ. ಅಂದರೆ ಸೌತ್ ಕೆನರಾ. 1956ಕ್ಕೆ ಮೊದಲು ಇದು ಮೈಸೂರಿಗೂ ಮದರಾಸಿಗೂ ನಡುವಿನ ಗಡಿ; ಈಚೆಗಿನ ಪೊಲೀಸು ಆಚೆ ಕಾಲಿಟ್ಟರೆ ಪರದೇಶಿ. ಈಗ ಉಳಿದಿರುವುದು ಹೆಸರು, ಘಟ್ಟದ ಅಂಚಿನ ಗಾಳಿ.

ಕಿಗ್ಗ ಸೇರಿದಾಗ ಕತ್ತಲಾಗಿತ್ತು. ಋಷ್ಯಶೃಂಗೇಶ್ವರನ ಗುಡಿಯ ಗಂಟೆ ನಿಂತು ಬಹಳ ಹೊತ್ತಾಗಿತ್ತು. ಸ್ನೇಹಿತನ ಮನೆಯ ಅಂಗಳದಲ್ಲಿ ಹತ್ತಾರು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಬಲ್ಬಿನ ಬೆಳಕಲ್ಲಿ ಸಿಪ್ಪೆ ಹಾರುವುದು, ಕಾಯಿ ಬುಟ್ಟಿಗೆ ಬೀಳುವುದು, ನಡುನಡುವೆ ಯಾರದೋ ಮದುವೆ ಮಾತು. ನಾನು ಜಗಲಿಯಲ್ಲಿ ಕಂಬಳಿ ಹೊದ್ದು ಕೂತೆ.

ಸುಮಾರು ಒಂಬತ್ತರ ಹೊತ್ತಿಗೆ ಗುಡ್ಡದ ಕಡೆಯಿಂದ ಢಂ ಅಂತ ಒಂದು ಸದ್ದು. ನಾನು ಬೆಚ್ಚಿ ಎದ್ದು ನಿಂತೆ. ಸುಲಿಯುವ ಕೈ ಒಂದೂ ನಿಲ್ಲಲಿಲ್ಲ. ಸ್ನೇಹಿತನ ತಾಯಿ ಮಾತ್ರ ತಲೆಯೆತ್ತಿ ನನ್ನ ಕಡೆ ನೋಡಿ ನಕ್ಕರು.

“ಕೂತ್ಕೊಳ್ಳಿ, ಎಂತ ಇಲ್ಲ. ಹಂದಿ ಓಡಿಸ್ಲಿಕ್ಕೆ ಗರ್ನಾಲು ಹೊಡ್ದದ್ದು. ಆಗೆಲ್ಲಾ ಆದ್ರೆ ಈಗ ಲೈಟ್ ಆರ್ಸ್ತಿದ್ವಿ.”

ಬುಟ್ಟಿ ತುಂಬಿತ್ತು. ಇನ್ನೊಂದು ಬುಟ್ಟಿ ತರಲು ಒಳಗೆ ಕೂಗಿದರು.